ಎಲ್ಲದಕ್ಕೂ ‘ಎ ಲಾಟ್ ಆಫ್’ ಬೇಡ
ಇಂಗ್ಲಿಷ್‌ನಲ್ಲಿ ವರದಿ, ಮೇಲ್ ಬರೆಯುವವರಿಗೆ ಒಂದು ಸಲಹೆ. ‘ತುಂಬಾ’ ಅನ್ನಲು ಎಲ್ಲ ಕಡೆ ‘ಎ ಲಾಟ್ ಆಫ್’ ಬರೆಯುವ ಬದಲು ಸಂದರ್ಭಕ್ಕೆ ಹೊಂದುವ ಪದ ಹಾಕಿ. ಎಲ್ಲರೂ ಒಂದೇ ದೂರು ಹೇಳುತ್ತಿದ್ದರೆ ‘ಎ ಕೋರಸ್ ಆಫ್ ಕಂಪ್ಲೇಂಟ್ಸ್’ ಅನ್ನಿ. ಒಬ್ಬೊಬ್ಬರದು ಒಂದೊಂದು ಮಾತಾದರೆ ಕೋರಸ್ ಒಪ್ಪುವುದಿಲ್ಲ. ‘ಎ ರೇಂಜ್ ಆಫ್ ಒಪಿನಿಯನ್ಸ್’ ಸರಿ.

‘ಬ್ಯಾರೇಜ್ ಆಫ್ ಕ್ವೆಶ್ಚನ್ಸ್’ ಬಳಸುವಾಗ ಸ್ವಲ್ಪ ಹುಷಾರು. ಬ್ಯಾರೇಜ್ ಅಂದರೆ ಫಿರಂಗಿಗಳ ಎಡೆಬಿಡದ ದಾಳಿ. ಪತ್ರಕರ್ತರು ಮಂತ್ರಿಯನ್ನು ಮುತ್ತಿಕೊಂಡಾಗ ಚೆನ್ನಾಗಿ ಹೊಂದುತ್ತದೆ. ಕ್ಲಾಸಿನ ಮಕ್ಕಳು ಖುಷಿಯಿಂದ ಕೇಳಿದ್ದಕ್ಕೂ ಅದನ್ನೇ ಬರೆದರೆ ಟೀಚರ್ ಮೇಲೆ ಜಗಳಕ್ಕೆ ಬಿದ್ದ ಹಾಗಿರುತ್ತದೆ, ಅಲ್ವಾ? ಅಲ್ಲಿ ‘ಫ್ಲರಿ ಆಫ್ ಕ್ವೆಶ್ಚನ್ಸ್’ ಸಾಕು, ಅಂದರೆ ಒಮ್ಮೆಲೇ ಬಂದ ಪ್ರಶ್ನೆಗಳ ಸುರಿಮಳೆ.

ಸದ್ದಿಗೆ ಬಳಸುವ ಪದಗಳಲ್ಲಿ ‘ಪೀಲ್’ (peal, ಮೊಳಗುವ ಜೋರು ಸದ್ದು) ನನಗೆ ಜಾಸ್ತಿ ಇಷ್ಟ. ಗಂಟೆ, ಗುಡುಗು, ಜೋರು ನಗು ಮೂರಕ್ಕೂ ನಡೆಯುತ್ತದೆ. ಸಭೆಯಲ್ಲಿ ಮೆಲ್ಲಗೆ ಹರಡುವ ನಗುವಿಗೆ ‘ರಿಪಲ್ ಆಫ್ ಲಾಫ್ಟರ್’. ಚಪ್ಪಾಳೆಗೆ ‘ಎ ರೌಂಡ್ ಆಫ್ ಅಪ್ಲಾಸ್’. ಸುಮ್ನೆ ‘ಅಪ್ಲಾಸಸ್’ ಅಂತ ಬಹುವಚನ ಮಾಡಬೇಡಿ.