ಹನ್ನೊಂದು ತಿಂಗಳು ಮುಗಿದ ಮೇಲೆ: ಕಾರವಾರಕ್ಕೆ ಹೊಸದಾಗಿ ಬಂದ ಬಾಡಿಗೆದಾರರಿಗೆ

ಕೈಗಾಕ್ಕೋ ನೌಕಾನೆಲೆಗೋ ಮೆಡಿಕಲ್ ಕಾಲೇಜಿಗೋ ವರ್ಗವಾಗಿ ಬಂದು, ಕ್ವಾರ್ಟರ್ಸ್ ಸಿಗದೆ ಹಬ್ಬುವಾಡದಲ್ಲೋ ಕೋಡಿಬಾಗದಲ್ಲೋ ಮನೆ ಹಿಡಿದಿದ್ದೀರಿ. ಮನೆ ಹುಡುಕುವುದನ್ನು ನಾವು ಕಲಿಸಬೇಕಿಲ್ಲ. ಅಗ್ರಿಮೆಂಟಿನ ಅವಧಿ ಮುಗಿದ ಮೇಲೆ ಏನು ಅನ್ನುವುದನ್ನು ಮಾತ್ರ ಇಲ್ಲಿ ಬರೆದಿದ್ದೇವೆ. ಆ ದಿನ ಯಾರಿಗೂ ನೆನಪಿರುವುದಿಲ್ಲ. ಮಾಲೀಕರು ಸುಮ್ನೆ ಇರುತ್ತಾರೆ, ನೀವೂ ಸುಮ್ನೆ ಇರುತ್ತೀರಿ. ಒಂದನೇ ತಾರೀಕಿಗೆ ಬಾಡಿಗೆ ಮಾತ್ರ ಹೋಗುತ್ತಿರುತ್ತದೆ.

ನನಗಾದದ್ದು

ನಾನು ಗದಗ ಕಡೆಯವನು. ಬಂದ ಮರುವರ್ಷ ಏಪ್ರಿಲ್‌ಗೆ ಅಗ್ರಿಮೆಂಟ್ ಮುಗಿದಿತ್ತು. ಮೇ, ಜೂನ್ ಬಾಡಿಗೆ ಕೊಟ್ಟೆ, ಅವರೂ ತಗೊಂಡರು. ಜುಲೈ ಮೊದಲ ವಾರ ಒಂದು ಸಂಜೆ ಮಾಲೀಕರು ಬಾಗಿಲಿಗೆ ಬಂದು, ‘ಮಗ ಊರಿಗೆ ವಾಪಸ್ ಬರ್ತಿದ್ದಾನೆ, ಭಾನುವಾರದೊಳಗೆ ಖಾಲಿ ಮಾಡಿ. ಹೇಗೂ ನಿಮ್ಮ ಅಗ್ರಿಮೆಂಟ್ ಮುಗಿದಿದೆಯಲ್ಲ’ ಎಂದರು. ಮುಗಿದದ್ದು ಹೌದಲ್ವಾ ಅಂತ ನಾನೂ ತಲೆಯಾಡಿಸಿದೆ.

ಅದೂ ಆಷಾಢ. ಫೋನಿನಲ್ಲಿ ಕೇಳಿ ನಮ್ಮವ್ವ ಅತ್ತೇಬಿಟ್ಟಳು. ಟೆಂಪೋಗೆ ತಾಡಪತ್ರಿ ಹೊದಿಸಿದ್ದರೂ ಹಾಸಿಗೆಯನ್ನು ಇಳಿಸಿ ಹಿಂಡಬೇಕಾಯಿತು. ಅಕ್ಕಿ ಡಬ್ಬಿಯಲ್ಲಿ ನೀರು. ಹೊಸ ಮನೆಯಲ್ಲಿ ಹಾಲು ಉಕ್ಕಿಸೋಣವೆಂದರೆ ಬೆಂಕಿಪೊಟ್ಟಣವೂ ತೊಯ್ದಿತ್ತು. ಪಕ್ಕದ ಚಾಳದವರು ಒಣ ಕಡ್ಡಿ ಕೊಟ್ಟರು. (ಸಾಲುಮನೆಗೆ ಇಲ್ಲಿ ಚಾಳ ಅನ್ನುತ್ತಾರೆ. 1956ರ ತನಕ ಈ ಜಿಲ್ಲೆ ಮುಂಬೈ ಸೀಮೆಯಲ್ಲಿತ್ತಲ್ಲ.)

ಆರು ತಿಂಗಳ ಮೇಲೆ, ಹೊರಗಿನಿಂದ ಬಂದ ನಮ್ಮಂಥವರ ಸಂಘದ ವಕೀಲ ಗೆಳೆಯರೊಬ್ಬರು ಕೇಳಿದರು: ‘ಬರೆದು ನೋಟಿಸ್ ಕೊಟ್ಟಿದ್ದರಾ?’ ಇಲ್ಲ ಎಂದೆ. ‘ಮತ್ತೆ ನೀವು ಯಾಕೆ ಬಿಟ್ಟಿರಿ?’ ಉತ್ತರ ನನ್ನ ಹತ್ತಿರ ಇರಲಿಲ್ಲ.

ಕಾನೂನು ಹೇಳುವುದು

ಮೊದಲು, ಹನ್ನೊಂದೇ ತಿಂಗಳು ಯಾಕೆ? 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಬಾಡಿಗೆ ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ರಿಜಿಸ್ಟರ್ ಮಾಡಿಸಬೇಕು. ಆ ಖರ್ಚು, ಓಡಾಟ ಬೇಡ ಅಂತ ಹನ್ನೊಂದು. ಅಷ್ಟೇ.

ಉಳಿದದ್ದು 1882ರ ಆಸ್ತಿ ವರ್ಗಾವಣೆ ಕಾಯ್ದೆಯಲ್ಲಿದೆ. ಅವಧಿ ಮುಗಿದ ದಿನ ಬಾಡಿಗೆ ತಾನಾಗಿಯೇ ಮುಗಿಯುತ್ತದೆ, ಅದಕ್ಕೆ ನೋಟಿಸ್ ಬೇಕಿಲ್ಲ. ಇಲ್ಲಿ ತುಂಬ ಜನ ಎಡವುತ್ತಾರೆ. ‘ಇನ್ನು ಮುಂದುವರಿಸುವುದಿಲ್ಲ’ ಅಂತ ಮಾಲೀಕರು ಮೊದಲೇ ಹೇಳಿ, ಆಮೇಲಿನ ಬಾಡಿಗೆಯನ್ನೂ ಮುಟ್ಟದಿದ್ದರೆ, ‘ನನಗೆ ನೋಟಿಸ್ ಕೊಟ್ಟಿಲ್ಲ’ ಎಂದು ಕೂರುವ ಹಾಗಿಲ್ಲ.

ಆದರೆ ಅವಧಿ ಮುಗಿದ ಮೇಲೂ ನೀವು ಅಲ್ಲೇ ಇದ್ದು, ಅವರು ಬಾಡಿಗೆ ತಗೊಂಡರೆ ಕಥೆಯೇ ಬೇರೆ. ಕಲಂ 116ರ ಪ್ರಕಾರ ಬಾಡಿಗೆ ಮುಂದುವರಿದ ಹಾಗೆ. ವಾಸದ ಮನೆಯಾದರೆ ಅದು ತಿಂಗಳಿಂದ ತಿಂಗಳಿಗೆ ಸಾಗುವ ಬಾಡಿಗೆ. ಅದನ್ನು ನಿಲ್ಲಿಸಬೇಕಾದರೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಕಲಂ 106ರಂತೆ 15 ದಿನದ ನೋಟಿಸ್ ಬೇಕು. ನೋಟಿಸ್ ಬರಹದಲ್ಲಿರಬೇಕು, ಸಹಿ ಇರಬೇಕು. ದಿನ ಎಣಿಸುವುದು ನೋಟಿಸ್ ಕೈಗೆ ಸಿಕ್ಕಿದ ದಿನದಿಂದ, ಬರೆದ ದಿನದಿಂದಲ್ಲ. 10ನೇ ತಾರೀಕು ಸಿಕ್ಕಿದರೆ 25 ಮುಗಿಯುವ ತನಕ ಮನೆ ನಿಮ್ಮದು. ನನ್ನ ಮೇ, ಜೂನ್ ಬಾಡಿಗೆಗೆ ಇಷ್ಟು ಬೆಲೆಯಿತ್ತು. ನನಗೆ ಗೊತ್ತಿರಲಿಲ್ಲ.

15 ದಿನ ಅಂದರೆ ಜಾಸ್ತಿ ಏನಲ್ಲ. ಆಷಾಢ, ಶಾಲೆಯ ಪರೀಕ್ಷೆ, ಮಳೆಗೆ ಘಟ್ಟದ ರಸ್ತೆ ಬಂದ್ ಆಗುವುದು, ಕಾನೂನಿಗೆ ಇವು ಯಾವುವೂ ಗೊತ್ತಿಲ್ಲ. ಹಾಗಾಗಿ ಅಗ್ರಿಮೆಂಟ್ ಬರೆಸುವಾಗಲೇ ಈ ಸಾಲು ಸೇರಿಸಿ: ‘ಅವಧಿ ಮುಗಿದ ಮೇಲೆ ಬಾಡಿಗೆ ಮುಂದುವರಿದರೂ, ಮನೆ ಬಿಡಲು ಅಥವಾ ಬಿಡಿಸಲು ಇಬ್ಬರೂ ಎರಡು ತಿಂಗಳ ಲಿಖಿತ ನೋಟಿಸ್ ಕೊಡತಕ್ಕದ್ದು.’ ‘ಅವಧಿ ಮುಗಿದ ಮೇಲೆ’ ಅನ್ನುವ ಮಾತು ಬಿಡಬೇಡಿ. ಅದಿಲ್ಲದಿದ್ದರೆ ಎರಡು ತಿಂಗಳ ಷರತ್ತು ಹನ್ನೊಂದು ತಿಂಗಳಿಗೇ ಸತ್ತಿತು ಎಂದು ವಾದ ಬರುತ್ತದೆ. ಕನ್ನಡದಲ್ಲೇ ಬರೆಸಿ. ಇಲ್ಲಿ ಮನೆಯಲ್ಲಿ ಕೊಂಕಣಿ ಆಡುವ ಮಾಲೀಕರೇ ಬಹಳ, ಆದರೆ ಅವರ ಕನ್ನಡ ನಮ್ಮದಕ್ಕಿಂತ ಚೊಕ್ಕ. ಅರ್ಥವಾಗದ ಇಂಗ್ಲಿಷ್ ಕಾಗದಕ್ಕೆ ಸಹಿ ಹಾಕಿ ಆಮೇಲೆ ಸಂಘಕ್ಕೆ ಓಡಿ ಬರುವವರು ನಮ್ಮವರೇ.

ಬೈಗುಳ ನಮಗೂ ಇದೆ

15 ದಿನದ ನಿಯಮ ಎರಡು ಕಡೆಗೂ ಒಂದೇ. ನಮ್ಮವರು ವರ್ಗದ ಆದೇಶ ಬಂದ ತಕ್ಷಣ ಲಾರಿ ತರಿಸಿ, ಕೀಲಿಯನ್ನು ಪಕ್ಕದ ಮನೆಗೆ ಕೊಟ್ಟು ಹೊರಡುತ್ತಾರೆ. ನಿಮ್ಮ ವರ್ಗದ ಆದೇಶ ಮಾಲೀಕರಿಗೆ ಕೊಟ್ಟ ನೋಟಿಸ್ ಅಲ್ಲ. ಅಡ್ವಾನ್ಸಿನಲ್ಲಿ ಬಾಡಿಗೆ ಮುರಿದುಕೊಂಡರು ಅಂತ ಆಮೇಲೆ ಗೊಣಗಬೇಡಿ. ಇನ್ನು ‘ಒಳ್ಳೆ ಜನ, ಕಾಗದ ಯಾಕೆ’ ಅನ್ನುವ ಮಾತು. ಒಳ್ಳೆಯವರಿಗೂ ಮಗ ಇರುತ್ತಾನೆ, ಅವನೂ ಊರಿಗೆ ಬರುತ್ತಾನೆ.

ನೋಟಿಸ್ ದಿನ ಮುಗಿದರೂ ಹಟಕ್ಕೆ ಕೂರಬೇಡಿ. ಮಾಲೀಕರು ಕೋರ್ಟಿಗೆ ಹೋದರೆ ಆ ದಿನಗಳಿಗೆ ಪರಿಹಾರ ಕಟ್ಟಬೇಕಾಗಬಹುದು. ಹಾಗಂತ ಅವರೂ ನೀರು ನಿಲ್ಲಿಸುವುದು, ಬೀಗ ಜಡಿಯುವುದು ಮಾಡುವಂತಿಲ್ಲ. ಬಿಡಿಸಬೇಕಾದರೆ ಕೋರ್ಟಿನ ದಾರಿಯೇ ಆಗಬೇಕು. ಬಲವಂತವಾಗಿ ಹೊರಹಾಕಿದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ ಕಲಂ 6ರಲ್ಲಿ ಆರು ತಿಂಗಳೊಳಗೆ ದಾವೆ ಹಾಕಬಹುದು. ಉಚಿತ ಕಾನೂನು ನೆರವಿಗೆ ಫೋನ್ 15100. ಹೆಂಗಸರು ಆದಾಯದ ಲೆಕ್ಕವಿಲ್ಲದೆ ಈ ನೆರವು ಪಡೆಯಬಹುದು.

ನೋಟಿಸ್ ಕೊಡುವುದು

ಅಂಚೆಯಲ್ಲಿ, ತಲುಪಿದ್ದಕ್ಕೆ ಸಹಿ ಬರುವ ಹಾಗೆ. ಇಲ್ಲವೇ ಕೈಗೆ ಕೊಟ್ಟು ನಕಲಿನ ಮೇಲೆ ಸಹಿ, ತಾರೀಕು. ವಾಟ್ಸಾಪ್ ಜೊತೆಗಿರಲಿ, ಅದನ್ನೇ ನಂಬಬೇಡಿ.

ಬಿಡುವ ದಿನ

- ಬಾಡಿಗೆ ಕೊಟ್ಟ ದಾಖಲೆ, ಮುಖ್ಯವಾಗಿ ಅವಧಿ ಮುಗಿದ ಮೇಲಿನ ತಿಂಗಳುಗಳದ್ದು
- ಗೋಡೆ, ನಲ್ಲಿ, ಫ್ಯಾನ್ ಫೋಟೋ. ಮಳೆಗಾಲದ ಬೂಷ್ಟು ನಿಮ್ಮ ಲೆಕ್ಕಕ್ಕೆ ಬೀಳದಿರಲಿ
- ಹೆಸ್ಕಾಂ ಮೀಟರ್ ರೀಡಿಂಗ್
- ಗೃಹಜ್ಯೋತಿಗೆ ಜೋಡಿಸಿದ ನಿಮ್ಮ ಆಧಾರ್ ಬಿಡಿಸುವುದು
- ಅಡ್ವಾನ್ಸ್ ಲೆಕ್ಕ ಬರಹದಲ್ಲಿ, ಆಮೇಲೆ ಕೀಲಿ