ಗಾಡಿಗೆ ಎಫ್‌ಸಿ ಆಯ್ತು, ಡ್ರೈವರ್‌ಗೆ?

ಲಾರಿಗೆ 8 ವರ್ಷ ಆಗುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್, ಮಾಡಿಸಲೇಬೇಕು. ಅದನ್ನು ಓಡಿಸುವವರಿಗೆ? 5 ವರ್ಷಕ್ಕೊಮ್ಮೆ ಲೈಸೆನ್ಸ್ ರಿನ್ಯೂವಲ್ ಮಾಡಿಸುವಾಗ ವೈದ್ಯರು ಸಹಿ ಹಾಕಿದ ಫಾರಂ 1ಎ ಎಂಬ ಮೆಡಿಕಲ್ ಸರ್ಟಿಫಿಕೇಟ್ ಕೊಟ್ಟರೆ ಮುಗಿಯಿತು.

ನಮ್ಮ ಚಿಕ್ಕಪ್ಪ ಲಾರಿ ಡ್ರೈವರ್. ಒಮ್ಮೆ ಆ ಫಾರಂಗೆ ಸಹಿ ಹಾಕಿಸಲು ಅವರ ಜೊತೆ ನಾನೂ ಹೋಗಿದ್ದೆ. ವೈದ್ಯರು ಹೆಸರು, ವಯಸ್ಸು ಕೇಳಿದರು, ಸಹಿ ಹಾಕಿದರು. ಕಣ್ಣು ನೋಡಲೇ ಇಲ್ಲ. ಅದೇ ವರ್ಷ ಚಿಕ್ಕಪ್ಪ, ‘ರಾತ್ರಿ ಎದುರಿನ ಗಾಡಿ ಲೈಟು ಹೂವಿನ ಥರ ಅರಳಿಕೊಳ್ತದೆ’ ಎನ್ನತೊಡಗಿದರು. ಎರಡೂ ಕಣ್ಣಿಗೆ ಪೊರೆ ಬಂದಿತ್ತು.

ಅದಕ್ಕೇ ಫಾರಂ ಬರಲಿ ಎಂದು ಕಾಯಬೇಡಿ. ವರ್ಷಕ್ಕೊಮ್ಮೆ, ಗಾಡಿ ಸರ್ವೀಸಿಗೆ ಬಿಟ್ಟ ದಿನವೇ ನಿಮ್ಮ ಚೆಕಪ್ಪೂ ಆಗಲಿ.

ಮೊದಲು ಕಣ್ಣು. ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ನಂಬರ್ ಪ್ಲೇಟ್ ಓದಲು ಬರಬೇಕು. ಇದು ಫಾರಂ 1ಎಯಲ್ಲೇ ಇರುವ ಅಳತೆ. ನಿಂತಿರುವ ಕಾರಿನಿಂದ ಮೂವತ್ತಮೂರು ಹೆಜ್ಜೆ ದೂರ ಹೋಗಿ. ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ಓದಿ, ಆಮೇಲೆ ಇನ್ನೊಂದನ್ನು ಮುಚ್ಚಿ ಓದಿ. ಎರಡೂ ಕಣ್ಣು ಒಟ್ಟಿಗೆ ತೆರೆದು ಓದಿದರೆ ಒಂದರ ಮಬ್ಬು ಗೊತ್ತೇ ಆಗುವುದಿಲ್ಲ. ಅಂಕಿ ಕಲಸಿಹೋದಂತೆ ಕಂಡರೆ, ಎದುರಿನ ಲೈಟು ಅರಳಿದರೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ನಲವತ್ತು ದಾಟಿದವರು ಸರಿಯಾಗಿ ಓದಿದರೂ ಒಮ್ಮೆ ತೋರಿಸಿಕೊಳ್ಳಿ.

ಆಮೇಲೆ ಬಿಪಿ, ಶುಗರ್. ಗಾಡಿ ಇಳಿದ ತಕ್ಷಣ ಬಿಪಿ ನೋಡಿಸಬೇಡಿ. ಅರ್ಧ ಗಂಟೆ ಟೀ, ಬೀಡಿ ಬೇಡ. ಐದು ನಿಮಿಷ ಸುಮ್ನೆ ಕೂತು ನೋಡಿಸಿ. 140/90 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಇನ್ನೊಂದು ದಿನವೂ ನೋಡಿಸಿ. ಶುಗರ್‌ಗೆ ಖಾಲಿ ಹೊಟ್ಟೆಯ ರಕ್ತ ಕೊಡಬೇಕು ಅಂದರೆ ಎಂಟು ಗಂಟೆ ಏನೂ ತಿನ್ನಬಾರದು. ನಡುರಾತ್ರಿ ಡಾಬಾದಲ್ಲಿ ಊಟ, ನಾಲ್ಕಕ್ಕೆ ಟೀ ಎನ್ನುವವರಿಗೆ ಇದು ಕಷ್ಟ. ಅಂಥವರು ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ ಕೇಳಿ. ಯಾವಾಗ ಬೇಕಾದರೂ ಕೊಡಬಹುದು. ಹಿಂದಿನ ಎರಡು ಮೂರು ತಿಂಗಳ ಲೆಕ್ಕ ಅದರಲ್ಲಿ ಸಿಗುತ್ತದೆ. 6.5 ಅಥವಾ ಮೇಲೆ ಬಂದರೆ ಶುಗರ್ ಇದೆ ಎಂದೇ ಲೆಕ್ಕ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೂವತ್ತು ದಾಟಿದವರಿಗೆ ಬಿಪಿ, ಶುಗರ್ ಉಚಿತವಾಗಿ ನೋಡುತ್ತಾರೆ.

ಸೊಂಟವನ್ನೂ ಟೇಪಿನಲ್ಲಿ ಅಳೆಯಿರಿ. ಪ್ಯಾಂಟ್ ಕಟ್ಟುವ ಜಾಗದಲ್ಲಿ ಅಲ್ಲ, ಹೊಕ್ಕಳ ಮಟ್ಟದಲ್ಲಿ. ಗಂಡಸರಿಗೆ 90 ಸೆಂಟಿಮೀಟರ್ ಮಿತಿ.

ಇನ್ನು ನಿದ್ದೆ. ನನಗೆ ಎಲ್ಲಕ್ಕಿಂತ ಭಯ ಇದರದ್ದೇ. ಕ್ಲೀನರ್‌ನನ್ನೋ ಮನೆಯವರನ್ನೋ ಕೇಳಿ: ನಾನು ಗೊರಕೆ ಹೊಡೀತೀನಾ? ನಡುವೆ ಉಸಿರು ನಿಂತು, ಗಕ್ಕನೆ ಎಳೆದುಕೊಳ್ತೀನಾ? ಹೌದು ಅಂದರೆ, ಎಂಟು ಗಂಟೆ ಮಲಗಿದರೂ ನಿಮಗೆ ನಿದ್ದೆ ಸಾಲುತ್ತಿಲ್ಲ. ಇದಕ್ಕೆ ಪರೀಕ್ಷೆ ಇದೆ, ಚಿಕಿತ್ಸೆಯೂ ಇದೆ. ರಾತ್ರಿ ಎರಡರಿಂದ ಐದರವರೆಗೆ ಯಾರಿಗೇ ಆದರೂ ಕಣ್ಣು ಎಳೆಯುತ್ತದೆ. ಕಿಟಕಿ ಇಳಿಸಿದರೆ, ಹಾಡು ಜೋರು ಮಾಡಿದರೆ ಅದು ಹೋಗುವುದಿಲ್ಲ. ರಸ್ತೆ ಬಿಟ್ಟು, ಬಂಕಿನಲ್ಲೋ ಡಾಬಾದಲ್ಲೋ ನಿಲ್ಲಿಸಿ ಇಪ್ಪತ್ತು ನಿಮಿಷ ಅಲಾರಂ ಇಟ್ಟು ಮಲಗಿ. ಎದ್ದ ಕೂಡಲೇ ಹೊರಡಬೇಡಿ. ಮುಖ ತೊಳೆದು ಗಾಡಿ ಸುತ್ತ ಒಂದು ಸುತ್ತು ಹಾಕಿ, ಟಯರ್ ನೋಡಿಕೊಂಡು ಹತ್ತಿ.

ಮಾತ್ರೆಯ ವಿಷಯವೂ ಇದೆ. ನೆಗಡಿ, ಅಲರ್ಜಿಯ ಎಷ್ಟೋ ಮಾತ್ರೆಗಳು ನಿದ್ದೆ ತರಿಸುತ್ತವೆ. ಮೆಡಿಕಲ್‌ನಲ್ಲಿ ‘ನಾನು ಡ್ರೈವರ್’ ಎಂದು ಹೇಳಿಯೇ ತೆಗೆದುಕೊಳ್ಳಿ. ಶುಗರ್ ಮಾತ್ರೆ ನುಂಗಿ ಊಟ ತಪ್ಪಿಸಿದರೆ ಬೆವರು, ಕೈ ನಡುಕ ಬರಬಹುದು. ತಕ್ಷಣ ಗಾಡಿ ಬದಿಗೆ ಹಾಕಿ ಸಕ್ಕರೆಯನ್ನೋ ಗ್ಲೂಕೋಸನ್ನೋ ಬಾಯಿಗೆ ಹಾಕಿಕೊಳ್ಳಿ. ಕ್ಯಾಬಿನ್‌ನಲ್ಲಿ ಕೈಗೆಟುಕುವ ಕಡೆ ಒಂದು ಪೊಟ್ಟಣ ಯಾವಾಗಲೂ ಇರಲಿ.

ಎಲ್ಲ ರಿಪೋರ್ಟನ್ನೂ ಆರ್‌ಸಿ, ಇನ್ಶೂರೆನ್ಸ್ ಇಡುವ ಕವರಿನಲ್ಲೇ ಇಡಿ. ಚಿಕ್ಕಪ್ಪನ ಕವರಿನ ಮೇಲೆ ಈಗ ಎರಡು ತಾರೀಕು ಬರೆದಿದೆ: ಲಾರಿಯ ಎಫ್‌ಸಿಯದೊಂದು, ಅವರ ಕಣ್ಣಿನ ಚೆಕಪ್‌ದೊಂದು.