ಮೂರು ಕೆಜಿ ಅಕ್ಕಿಯ ಮಗು

ಮೂಡಿಗೆರೆ ಕಡೆಯ ಒಂದು ಉಪಕೇಂದ್ರದಲ್ಲಿ ನಾನು ನರ್ಸ್. ಬಾಣಂತಿ ನೋಡಲು ಹೋದರೆ ಅಮ್ಮ, ಅತ್ತೆ, ಅಜ್ಜಿ ಎಲ್ಲರೂ ಮಾತಿಗೆ ಸಿಗುತ್ತಾರೆ. ಮಗುವಿನ ಅಪ್ಪ ಮಾತ್ರ ಜಗಲಿ ದಾಟಿ ಒಳಗೆ ಬರುವುದಿಲ್ಲ.

ಹೆರಿಗೆಯ ನಂತರ ತಾಯಿಗೆ ಖಿನ್ನತೆ ಬಾರದಿರಲಿ ಎಂದು ಆಸ್ಟ್ರೇಲಿಯಾದ ಸಂಶೋಧಕಿ ಜೇನ್ ಫಿಶರ್ ತಂಡ ಗಂಡ-ಹೆಂಡತಿ ಇಬ್ಬರನ್ನೂ ಕೂರಿಸಿ ತರಗತಿ ಮಾಡಿದ್ದನ್ನು ಓದಿದ್ದೆ. ಅಳುವ ಮಗುವನ್ನು ಮಲಗಿಸುವುದು, ಜಗಳವಿಲ್ಲದೆ ಕೆಲಸ ಹಂಚಿಕೊಳ್ಳುವುದು, ಹೆಚ್ಚುಕಡಿಮೆ ಇಷ್ಟೇ ಪಾಠ. ನಮ್ಮಲ್ಲೂ ಮಾಡೋಣ ಅನಿಸಿತು.

ಮೊದಲ ಸಲ ಸೋತೆ. ಪ್ರತಿ ತಿಂಗಳು 9ಕ್ಕೆ ಗರ್ಭಿಣಿಯರ ತಪಾಸಣೆ ಇರುತ್ತದಲ್ವಾ, ಅವತ್ತೇ ಗಂಡಂದಿರೂ ಬರಲಿ ಎಂದೆ. ಜನವರಿ, ಕಾಫಿ ಕೊಯ್ಲು ಜೋರು. ಒಬ್ಬ ಬಂದ, ಅವನೂ ಬೈಕಿಂದ ಇಳಿಯಲಿಲ್ಲ. ಆಮೇಲೆ ಭಾನುವಾರ ಮಧ್ಯಾಹ್ನಕ್ಕೆ ಇಟ್ಟುಕೊಂಡೆ. ಕರೆಯುವಾಗ 'ಖಿನ್ನತೆ' ಅನ್ನೋ ಪದವನ್ನೇ ಬಿಟ್ಟೆ. ಆರು ಜನ ಬಂದರು.

ಬಟ್ಟೆ ಚೀಲಕ್ಕೆ ಮೂರು ಕೆಜಿ ಅಕ್ಕಿ ತುಂಬಿ, ಇದೇ ಮಗು ಅಂತ ಕೈಗೆ ಕೊಟ್ಟೆ. ಒಬ್ಬರು ಕಾಫಿ ಮೂಟೆ ಥರ ಹೆಗಲಿಗೇರಿಸಿದರು! ಎಲ್ಲರೂ ನಕ್ಕರು. ನಕ್ಕ ಮೇಲೇ ಬಾಯಿ ಬಿಟ್ಟಿದ್ದು. "ಮೊದಲ ಹೆರಿಗೇಲಿ ಸುಮ್‌ಸುಮ್ನೆ ಅಳ್ತಿದ್ಲು ಮೇಡಂ, ನಾನು ಬೈದೆ" ಅಂದರು ಒಬ್ಬರು. ಮೊದಲ ಕೆಲವು ದಿನ ಅಳು ಬರುವುದು ಸಾಮಾನ್ಯ, ಎರಡು ವಾರದೊಳಗೆ ಇಳಿಯುತ್ತದೆ. ಇಳಿಯದಿದ್ದರೆ, ಮಗು ಮಲಗಿದಾಗಲೂ ಅವಳಿಗೆ ನಿದ್ದೆ ಬಾರದಿದ್ದರೆ, ನಮಗೆ ಹೇಳಿ ಎಂದೆ.

ನನಗೆ ತಡವಾಗಿ ಹೊಳೆದದ್ದು ತವರಿನ ವಿಷಯ. ನಮ್ಮಲ್ಲಿ ಬಾಣಂತನ ಮುಗಿಯುವ ತನಕ ಗಂಡ ನೆಂಟ. ಬಂದು, ಊಟ ಮಾಡಿ, ಮಗು ನೋಡಿ ಹೋಗುತ್ತಾನೆ. ಮೂರೋ ಐದೋ ತಿಂಗಳಿಗೆ ಅವಳು ವಾಪಸ್ ಬಂದಾಗ ಅಮ್ಮನ ಕೈ ಇಲ್ಲ, ಅವನಿಗೆ ಮಗು ಎತ್ತಿ ಗೊತ್ತಿಲ್ಲ. ಹಾಗಾಗಿ ಈಗ ಎರಡು ಸಲ ಕರೆಯುತ್ತೇನೆ: ಏಳನೇ ತಿಂಗಳಲ್ಲಿ ಒಮ್ಮೆ, ಅವಳು ತವರಿಂದ ಹೊರಡುವ ಮುಂಚೆ ಇನ್ನೊಮ್ಮೆ. ಎರಡನೆಯದೇ ಜಾಸ್ತಿ ಮುಖ್ಯ.

ಇದರಿಂದ ಎಷ್ಟು ಜನರಿಗೆ ಖಿನ್ನತೆ ತಪ್ಪಿತು ಅಂತ ನಾನು ಲೆಕ್ಕ ಇಟ್ಟಿಲ್ಲ. ಆದರೆ ಕಳೆದ ಮಳೆಗಾಲದಲ್ಲಿ, ತೋಟದ ಕೆಲಸಗಾರರ ಲೈನ್ ಮನೆಯಿಂದ ಮಗುವಿನ ಅಪ್ಪ ಒಬ್ಬರು ರಾತ್ರಿ ಫೋನ್ ಮಾಡಿದರು. "ಮಗೂನ ನಾನೇ ಮಲಗಿಸ್ದೆ. ಅವಳು ಮಾತ್ರ ಮಲಗ್ತಿಲ್ಲ, ವಾರ ಆಯ್ತು." ಬೆಳಿಗ್ಗೆ ಹೋಗಿ ಎಡಿನ್‌ಬರೋ ಪಟ್ಟಿಯ, ಅಂದರೆ ಬಾಣಂತಿಯರ ಖಿನ್ನತೆ ಗುರುತಿಸುವ, 10 ಪ್ರಶ್ನೆ ಕೇಳಿದೆ. ಅಂಕ 13ಕ್ಕಿಂತ ಜಾಸ್ತಿ ಬಂತು, ಅಂದರೆ ಖಿನ್ನತೆ ಇರಬಹುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಅಲ್ಲಿಂದಲೇ ಫೋನ್ ಹಚ್ಚಿದೆವು, ಮರುದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದದ್ದು ಅವರೇ. ಮಗು ಅವರ ಕೈಯಲ್ಲೇ ಇತ್ತು.